ಕಿವಿಯಿಂದ ಆಡುವ ರೇವಣಸಿದ್ದ

ರೇವಣಸಿದ್ದನಿಗೆ ಹತ್ತು ದಿನದ ಕೂಲಿ ಇನ್ನೂ ಬರಬೇಕು. ಬಿಜಾಪುರದಿಂದ ಬಂದು ಚಂದ್ರಾ ಲೇಔಟಿನಲ್ಲಿ ಕೊರಿಯರ್ ಹಂಚುವ ಇವನು, ಅಲ್ಲಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಹತ್ತು ವರ್ಷ ಒಂದೇ ಆಟ ಆಡಿದವನು. ಅಂಗಡಿಯ ಪರದೆ ಮಂಕಾಗಿತ್ತು, ಮಾಲೀಕ ಬದಲಿಸಲಿಲ್ಲ. ಹಾಗಾಗಿ ಆಟದ ದಾರಿಯಲ್ಲಿ ಗುಂಡಿ ಹತ್ತಿರ ಬಂದಾಗ ಕೇಳುವ ‘ಟಣ್’ ಶಬ್ದ ಹಿಡಿದೇ ಇವನು ಜಿಗಿಯಲು ಕಲಿತ.

ಈ ವರ್ಷ, 2007ರಲ್ಲಿ, ರಾಜಾಜಿನಗರದ ಒಂದು ಕಂಪನಿ ಅದೇ ಹಳೆಯ ಆಟವನ್ನು ಮೊಬೈಲಿಗೆ ತರಲು ಹೊರಟಿತು. ತಪ್ಪು ಹುಡುಕಲು ಇವನನ್ನು ಹತ್ತು ದಿನ ದಿನಗೂಲಿಗೆ ಕರೆಯಿತು. ಇವನು ಕಣ್ಣು ಮುಚ್ಚಿ ಆಡಿದ. ಮೂರು ಸಲ ಆಡಿದರೂ ಮೊದಲ ಗುಂಡಿಗೇ ಬಿದ್ದ.

“ಕಣ್ಣು ಬಿಟ್ಟು ಆಡು ಗುರು,” ಎಂದು ಎಂಜಿನಿಯರ್ ನಕ್ಕ.

“ಬಣ್ಣ ಚೆಂದ ಐತ್ರೀ ಸಾರ್. ಶಬ್ದ ತಡಾ ಮಾಡಿ ಬರಾಕತ್ತೈತಿ.”

ಶಬ್ದದ ಸಮಯ ಅಳೆದು ನೋಡಿದರೆ ಅವನ ಮಾತೇ ನಿಜ. ತಿದ್ದಿದರು, ಆಟ ಚೆನ್ನಾಗಿ ಮಾರಾಟವಾಯಿತು. ಕೂಲಿ ಕೇಳಿದಾಗ ಮ್ಯಾನೇಜರ್, “ಆಟ ಆಡಿದ್ದಕ್ಕೂ ಕೂಲಿನಾ?” ಅಂದ.

“ನಾ ಆಡಿಲ್ರೀ. ನಿಮ್ಮ ಆಟಾನ ರಿಪೇರಿ ಮಾಡೀನಿ,” ಅಂದ ರೇವಣಸಿದ್ದ.

ಅಂಥ ಕಿವಿ ನಮ್ಮ ಬಡಾವಣೆಯದೆಂದು ಚಂದ್ರಾ ಲೇಔಟಿನವರಾದ ನಮಗೆ ಹೆಮ್ಮೆ. ಆ ಆಟವನ್ನು ಫೋನಿನಲ್ಲಿ ಆಡುತ್ತಿರುವವರೇ, ಸೋಮವಾರ ಹತ್ತು ಗಂಟೆಗೆ ಕಂಪನಿಯ ಬಾಗಿಲಿಗೆ ಬಂದು ನಮ್ಮ ಜೊತೆ ಧರಣಿ ಕೂತುಕೊಳ್ಳಿ.