ಅಕ್ಕನ ಖಾತೆಯಲ್ಲಿ ಮಾತ್ರ

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಹಿರಿಯರಾದ ನಿರ್ದೇಶಕರೂ. ಎರಡನೆಯ ಮಹಡಿಯ ಮೂಲೆಯ ಕೋಣೆ ಅವರದು. ಯಂತ್ರಕ್ಕೆ ಬಿಸಿಲು ತಾಗಬಾರದೆಂದು ಅಲ್ಲಿದ್ದ ಒಂದೇ ಕಿಟಕಿಗೂ ಹಲಗೆ ಹೊಡೆದಿದ್ದರು. ಬೇಸಿಗೆಯಲ್ಲೂ ಒಳಗೆ ಚಳಿ. ಅಕ್ಕನ ಕುರ್ಚಿಯ ಬೆನ್ನಿಗೆ ವರ್ಷವಿಡೀ ಒಂದು ಬೂದು ಸ್ವೆಟರ್ ಇರುತ್ತಿತ್ತು. ಹೊರಗೆ ಮಳೆಯೋ ಬಿಸಿಲೋ ತಿಳಿಯಬೇಕಾದರೆ ಬಂದವರ ಚಪ್ಪಲಿ ನೋಡಬೇಕು ಎಂದು ನಗುತ್ತಿದ್ದರು.

ಅವರ ತಂದೆ ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದವರು. ಏನನ್ನೇ ತೂಗುವ ಮೊದಲು ಖಾಲಿ ತಟ್ಟೆಗಳು ಸಮ ನಿಂತಿವೆಯೇ ನೋಡು ಎಂದು ಹೇಳಿಯೇ ಮಗಳನ್ನು ಬೆಳೆಸಿದ್ದರು. ಮಗಳು ಓದಿ ಓದಿ ಕೊನೆಗೆ ಅಳೆಯುವ ಕೆಲಸಕ್ಕೇ ಬಂದರು. ಅಳೆಯುತ್ತಿದ್ದದ್ದು ಕಂಪ್ಯೂಟರಿನ ವೇಗ.

ಅವರ ಸಂಶೋಧನೆ ಕ್ಯಾಶ್ ಮೆಮೊರಿಯದು. ಕಂಪ್ಯೂಟರಿನ ದೊಡ್ಡ ಮೆಮೊರಿ ಹಿತ್ತಲ ಉಗ್ರಾಣವಿದ್ದಂತೆ, ಹೋಗಿ ತರಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಲೆಕ್ಕ ಮಾಡುವ ಚಿಪ್‌ನ ಮಗ್ಗುಲಲ್ಲಿ ಕೈಗೆಟುಕುವ ಒಂದು ಪುಟ್ಟ ಗೂಡು ಇರುತ್ತದೆ. ಅದೇ ಕ್ಯಾಶ್. ಜಾಗ ಸಾಲದು, ಹೊಸದು ಬಂದರೆ ಹಳೆಯದು ಹೊರಗೆ. ಯಾವುದನ್ನು ಹತ್ತಿರ ಇಟ್ಟುಕೊಳ್ಳಬೇಕೆಂದು ಗೂಡಿಗೆ ಸುಳಿವು ಕೊಡುವ ಪ್ರೋಗ್ರಾಮೊಂದನ್ನು ಅಕ್ಕ ಬರೆದಿದ್ದರು. ಹಳೆಯ ವಿಧಾನಕ್ಕಿಂತ ನೂರಕ್ಕೆ ಆರರಷ್ಟು ವೇಗ. ಆ ಆರನ್ನು ನಂಬಿ ಒಂದು ಕಂಪನಿ ವರ್ಷ ವರ್ಷ ಪ್ರಾಜೆಕ್ಟ್ ಮುಂದುವರಿಸುತ್ತಿತ್ತು. ನಮ್ಮೆಲ್ಲರ ಅನ್ನ ಅದೇ.

ಅಕ್ಕನ ಗಂಡ, ಅತ್ತೆ, ಮಗಳು ಇದ್ದದ್ದು ರೈಲಿನಲ್ಲಿ ಒಂದು ಹಗಲು ಹಿಡಿಯುವಷ್ಟು ದೂರದ ಊರಿನಲ್ಲಿ. ಅಲ್ಲಿನ ಕಾಲೇಜಿನವರು ಪಾಠ ಹೇಳುವ ಕೆಲಸ ಕೊಡಲು ಒಪ್ಪಿದ್ದರು. ಜೂನ್ ಒಳಗೆ ಬರದಿದ್ದರೆ ಬೇರೆಯವರಿಗೆ ಎಂದೂ ಹೇಳಿದ್ದರು. ನಿರ್ದೇಶಕರದು ಒಂದೇ ಷರತ್ತು. "ಕೆಲಸ ಇನ್ನೊಬ್ಬರ ಕೈಗೆ ಹತ್ತಲಿ ಅಕ್ಕ, ಮಾರನೇ ದಿನ ನಾನೇ ಸ್ಟೇಷನ್ನಿಗೆ ಬಿಡ್ತೀನಿ." ಅಂದರೆ ಬೇರೆ ಯಾರಾದರೂ ಅದೇ ಪ್ರೋಗ್ರಾಮ್ ನಡೆಸಿ ಅದೇ ಆರನ್ನು ತೋರಿಸಬೇಕು.

ಅದೇ ಆಗುತ್ತಿರಲಿಲ್ಲ. ಆ ಕೆಲಸ ವಹಿಸಿಕೊಳ್ಳಲೆಂದು ನನಗಿಂತ ಮೊದಲು ಬಂದ ಇಬ್ಬರಿಗೆ ಅದರ ಅರ್ಧವೂ ಸಿಗಲಿಲ್ಲ. ಗಮನವಿಲ್ಲ ಎಂದು ಬೈಸಿಕೊಂಡು ಇಬ್ಬರೂ ಬಿಟ್ಟು ಹೋದರು. "ಎಲ್ಲಾ ಕೈಗುಣ. ಅಕ್ಕ ನೆಟ್ಟರೆ ಒಣಕಡ್ಡಿನೂ ಚಿಗುರುತ್ತೆ" ಎನ್ನುತ್ತಿದ್ದ ಬೀಗದಣ್ಣ. ಕಂಪ್ಯೂಟರಿನೊಳಗೆ ಹೋಗಲು ಬೇಕಾದ ನಮ್ಮ ಖಾತೆಗಳನ್ನು ತೆರೆಯುವ, ಮುಚ್ಚುವ ಕೆಲಸದವನಿಗೆ ನಾವಿಟ್ಟ ಹೆಸರದು.

ಒಂದು ಸಂಜೆ ಫೋನಿನಲ್ಲಿ ಅತ್ತೆ ಕೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅವರು ಮಾತಾಡಿದರೆ ಗೋಡೆಯಾಚೆಯವರೂ ಉತ್ತರ ಕೊಡಬೇಕು, ಅಂಥ ಗಂಟಲು.

"ಏನನ್ನ ಹತ್ರ ಇಟ್ಕೋಬೇಕು, ಏನನ್ನ ದೂರ ಇಡಬೇಕು, ಅದೇ ತಾನೆ ನಿನ್ನ ಓದು?"

"ಹೂಂ ಅತ್ತೆ."

"ಚೆನ್ನಾಗಿ ಓದಿದೀಯ ಬಿಡು. ಮಗಳ ಜಡೆ ಹಾಕಿ ಹಾಕಿ ನನ್ನ ಬೆರಳು ಸೊಟ್ಟ ಆಯ್ತು."

ಅಕ್ಕ ನಕ್ಕರು. ಫೋನಿಟ್ಟ ಮೇಲೆ ನಗಲಿಲ್ಲ. ಅದೇ ವಾರ ಪುಸ್ತಕ, ಬಟ್ಟೆ, ಬೂದು ಸ್ವೆಟರ್ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಆ ಊರಿಗೆ ಕಳಿಸಿಬಿಟ್ಟರು. "ಸಾಮಾನು ಮುಂದೆ ಹೋದ್ರೆ ಆಳು ಹಿಂದೆ ಹೋಗಲೇಬೇಕಲ್ಲ" ಎಂದರು.

ನಾನು ಪರೀಕ್ಷೆ ನಡೆಸಿದೆ. ನೂರಕ್ಕೆ ಒಂದೂ ಬರಲಿಲ್ಲ. ಮತ್ತೆ ನಡೆಸಿದೆ, ಮತ್ತೆ ಇಲ್ಲ. ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತೆ.

"ಇರು, ನಾನೇ ನೋಡ್ತೀನಿ" ಎಂದು ಅಕ್ಕ ನನ್ನ ಜಾಗದಲ್ಲಿ ಕೂತರು. ನನ್ನ ಖಾತೆ ತೆರೆದೇ ಇತ್ತು. ತಮ್ಮ ಕೈಯಿಂದಲೇ ನಡೆಸಿದರು. ಬರಲಿಲ್ಲ. ಎದ್ದು ತಮ್ಮ ಕುರ್ಚಿಗೆ ಹೋಗಿ ತಮ್ಮ ಖಾತೆಯಿಂದ ಅದನ್ನೇ ನಡೆಸಿದರು. ಆರು. ಯಂತ್ರ ಅದೇ, ಪ್ರೋಗ್ರಾಮ್ ಅದೇ, ಕೈಯೂ ಅವರದೇ.

ಎರಡು ಖಾತೆಗೂ ಬೇರೆಯಿದ್ದದ್ದು ಹೆಸರೊಂದೇ, ನನ್ನದು ಗಿಡ್ಡ, ಅವರದು ಉದ್ದ. ಆಮೇಲೆ ಬೀಗದಣ್ಣನನ್ನು ಕರೆದು ಉದ್ದ, ಗಿಡ್ಡ ಹೆಸರುಗಳ ಹಲವು ಖಾತೆಗಳನ್ನು ಮಾಡಿಸಿದರು. ಒಂದೊಂದರಲ್ಲೂ ಪರೀಕ್ಷೆ ನಡೆಸಿದರು. ಹೆಸರು ಅವರದರಷ್ಟೇ ಉದ್ದವಿದ್ದರೆ ಆರು. ಗಿಡ್ಡವಾದರೆ ಏನೂ ಇಲ್ಲ.

"ಬಸ್ಸಿನ ಉದ್ದ ಸೀಟಲ್ಲಿ ದಪ್ಪಗಿರೋನು ಬಂದು ಕೂತ್ರೆ ಉಳಿದೋರೆಲ್ಲ ಜರುಗ್ತಾರೆ ನೋಡು, ಹಾಗೆ" ಎಂದರು ನನಗೆ. "ಖಾತೆ ಹೆಸರೂ ಮೆಮೊರಿಯಲ್ಲಿ ಕೂರುತ್ತೆ. ನಂದು ಉದ್ದ, ಹಿಂದಿನದನ್ನೆಲ್ಲ ಜರುಗಿಸಿದೆ. ಜರುಗಿದ ಜಾಗದಲ್ಲಿ ಹಳೇ ವಿಧಾನಕ್ಕೆ ಗೂಡಲ್ಲಿ ಒಂದೇ ಜಾಗಕ್ಕೆ ಎರಡು ಬಂದು ಡಿಕ್ಕಿ ಆಗಿ ನಿಧಾನ ಆಗ್ತಿತ್ತು. ನಂದು ವೇಗವಾಗಿ ಕಾಣ್ತಿತ್ತು. ನಿನ್ನ ಖಾತೆಯಲ್ಲಿ ಡಿಕ್ಕಿನೇ ಇಲ್ಲ. ಅಲ್ಲಿ ಎರಡೂ ಒಂದೇ."

ಕೊನೆಗೆ, "ಖಾಲಿ ತಟ್ಟೆ ನೋಡಲೇ ಇಲ್ಲ ನಾನು" ಎಂದರು.

ನಿರ್ದೇಶಕರು ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು. ಅವರು ಕೆಟ್ಟವರಲ್ಲ. ಅವರ ತಲೆಯ ಮೇಲೂ ನಮ್ಮೆಲ್ಲರ ಸಂಬಳ ಇತ್ತು.

"ಅಕ್ಕ, ಇದು ಒಳ್ಳೇದೇ ಆಯ್ತಲ್ಲ. ನೀವು ಹೊರಡಿ. ನಿಮ್ಮ ಖಾತೆ ಮಾತ್ರ ಇರಲಿ. ಈ ಹುಡುಗಿ ಅದರಿಂದಲೇ ನಡೆಸ್ತಾಳೆ. ಆರು ಬರುತ್ತೆ."

ಊರಿಗೆ ಹೊರಡಲು ಬಾಗಿಲು ಪೂರ್ತಿ ತೆರೆದಂತಿತ್ತು. ಅಕ್ಕ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಾನು ಹೋದ್ಮೇಲೂ ನನ್ನ ಹೆಸರು ಇಲ್ಲಿ ಕೂತು ಸುಳ್ಳು ತೂಗ್ತಿರಬೇಕಾ ಸಾರ್? ಆ ಇಬ್ಬರು ಸರಿಯಾಗೇ ಅಳೆದಿದ್ರು. ಬೈಸ್ಕೊಂಡು ಹೋದ್ರು."

"ಹಾಗಾದ್ರೆ ಕಂಪನಿಗೆ ಏನ್ ಹೇಳೋದು? ಅಷ್ಟು ವರ್ಷದ್ದನ್ನ ಮತ್ತೆ ಅಳೀಬೇಕಾಗುತ್ತೆ. ಯಾವುದನ್ನ ಹೇಗೆ ನಡೆಸಿದ್ದು ಅಂತ ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತು?"

ಅದು ಬೆದರಿಕೆಯಲ್ಲ, ನಿಜ. ಅಕ್ಕನಿಗೂ ಗೊತ್ತಿತ್ತು.

ಅಂದೇ ಮಧ್ಯಾಹ್ನ ಬೀಗದಣ್ಣನ ಮೇಜಿನ ಹತ್ತಿರ ಹೋಗಿ ತಮ್ಮ ಖಾತೆ ಮುಚ್ಚಿಸಿದರು. "ಯೋಚನೆ ಮಾಡಿ ಅಕ್ಕ, ಮುಚ್ಚಿದ್ಮೇಲೆ ತೆಗೆಯಕ್ಕಾಗಲ್ಲ" ಎಂದ ಅವನು. "ಅದಕ್ಕೇ ನಿನ್ನ ಹತ್ರ ಬಂದಿದ್ದು" ಎಂದರು.

ಈಗ ಅವರದು ನನ್ನಂಥದೇ ಒಂದು ಗಿಡ್ಡ ಹೆಸರಿನ ಖಾತೆ. ಮೊದಲನೆಯ ಪ್ರಯೋಗದಿಂದ ಎಲ್ಲವನ್ನೂ ಮತ್ತೆ ಅಳೆಯುತ್ತಿದ್ದಾರೆ, ಪ್ರತಿಯೊಂದನ್ನೂ ಬೇರೆ ಬೇರೆ ಉದ್ದದ ಹತ್ತಾರು ಹೆಸರುಗಳಲ್ಲಿ. ಇಲ್ಲಿಯವರೆಗೆ ಅವರ ವಿಧಾನಕ್ಕೆ ಉಳಿದಿರುವುದು ನೂರಕ್ಕೆ ಅರ್ಧ. ಕಂಪನಿ ಇನ್ನೂ ಏನೂ ಹೇಳಿಲ್ಲ. ಕಾಲೇಜಿನ ಕೆಲಸ ಬೇರೆಯವರಿಗೆ ಹೋಯಿತು. ಸ್ವೆಟರ್ ಆ ಊರಿನಲ್ಲೇ ಇದೆ. ಅಕ್ಕ ನನ್ನ ಶಾಲು ಹೊದ್ದು ಕೂರುತ್ತಾರೆ.

ನಡೆದದ್ದನ್ನೆಲ್ಲ ತಿಳಿಸಿ, ಈಗ ಬರುವುದಿಲ್ಲ ಎಂದು ಅತ್ತೆಗೆ ಹೇಳಿದ ದಿನ ನಾನೂ ಕೋಣೆಯಲ್ಲಿದ್ದೆ. ಆ ಕಡೆಯಿಂದ ಅತ್ತೆಯ ದನಿ ಬಂತು, ಎಂದಿಗಿಂತ ಮೆಲ್ಲಗೆ, ಆದರೂ ನನಗೆ ಕೇಳುವಷ್ಟು:

"ಕೆಟ್ಟ ಅಡುಗೆ ಬಡಿಸಿ ಎದ್ದು ಬರಕ್ಕಾಗುತ್ತಾ? ಸರಿಮಾಡೇ ಬಾ. ಜಡೆ ನಾನ್ ಹಾಕ್ತೀನಿ."

ಫೋನಿಟ್ಟು ಅಕ್ಕ ಹಲಗೆ ಹೊಡೆದ ಕಿಟಕಿಯ ಕಡೆಗೇ ನೋಡುತ್ತಾ ಕೂತರು.

"ಬೈದಿದ್ರೆ ಹೊರಟುಬಿಡ್ತಿದ್ದೆ ಕಣೇ" ಎಂದರು.