ನೀಲಿ ದಾರದ ಮೋಟಾರು

ಇದು ಕ್ಷಮೆಯ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಎಲ್ಲರೂ ಒಂದೆಡೆ ಕೂತು ಚಹಾ ಕುಡಿಯುತ್ತಾರೆಂದು ಕಾಯುವವರು ಈಗಲೇ ಎದ್ದು ಹೋಗಬಹುದು.

ಹಾನಗಲ್ಲಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಪಕ್ಕದ್ದು ಜಯಶ್ರೀಯದು. ಮಿಕ್ಸಿ, ಗ್ರೈಂಡರು, ಗೀಸರು, ನೀರಿನ ಮೋಟಾರು, ಏನು ಕೆಟ್ಟರೂ ಅಲ್ಲಿಗೆ ಬರುತ್ತದೆ. ಅವಳು ತಡಸದ ಹೂವಪ್ಪನ ಮಗಳು. ಐಟಿಐನಲ್ಲಿ ಇಡೀ ತರಗತಿಗೆ ಒಬ್ಬಳೇ ಹುಡುಗಿಯಾಗಿದ್ದವಳು. ಸುಟ್ಟ ಮೋಟಾರಿನ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಕೊನೆಗೆ ದಾರದಿಂದ ಬಿಗಿಯುವ ಕೆಲಸವನ್ನು ಅವಳಷ್ಟು ಚೊಕ್ಕವಾಗಿ ಮಾಡುವವರು ನಮ್ಮ ತಾಲೂಕಿನಲ್ಲಿ ಇಲ್ಲ. ಉಳಿದವರೆಲ್ಲ ಬಿಳಿ ದಾರ ಕಟ್ಟಿದರೆ ಇವಳದು ನೀಲಿ ದಾರ.

"ನಂದು ಅಂತ ಗುರ್ತಿಗೆ ಇರ್ಲಿ, ಖಲಂದರಣ್ಣ," ಎನ್ನುತ್ತಾಳೆ. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರ್ ಇದೆ. ನೀಲಿಯೇ ಯಾಕೆಂದು ನಾನು ಕೇಳಿಲ್ಲ, ಕೇಳುವ ಅಗತ್ಯವೂ ಇಲ್ಲ.

ವಕೀಲ ಗುರುರಾಜರ ಹೆಂಡತಿ ಮನೋರಮಾಬಾಯಿ ಮಿಕ್ಸಿ ತಂದರೆ ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು ಮೂರು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಜಯಶ್ರೀ ಬಗ್ಗಿ ಎತ್ತಿಕೊಳ್ಳಬೇಕು. ವಾಪಸು ಕೊಡುವಾಗಲೂ ಅವಳು ಮೆಟ್ಟಿಲ ಮೇಲಿಡಬೇಕು, ಅವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಏನೂ ದಾಟುವಂತಿಲ್ಲ. ನನಗೆ ನೋಡಿ ಮೈ ಉರಿಯುತ್ತಿತ್ತು. ಜಯಶ್ರೀ ನುಂಗಿಕೊಂಡಿದ್ದಳು.

ದಸರೆಯ ಮುಂಚೆ ಅವರ ಮಿಕ್ಸಿ ಬಂತು. ಹೊಸದಾಗಿ ತಂತಿ ಸುತ್ತಿ, ನನ್ನ ಎದುರೇ ಹತ್ತು ನಿಮಿಷ ಓಡಿಸಿ ಕೊಟ್ಟಳು. ಮರುದಿನವೇ ಸುಟ್ಟ ವಾಸನೆಯೊಂದಿಗೆ ಮಿಕ್ಸಿ ಮತ್ತೆ ಮೆಟ್ಟಿಲ ಮೇಲಿತ್ತು. ಜಾರಿನಿಂದ ನೀರು ಸೋರಿರಬೇಕೆಂದುಕೊಂಡು ಹೊಸ ವಾಷರ್ ಹಾಕಿ, ಮತ್ತೆ ಸುತ್ತಿ ಕೊಟ್ಟಳು. ಎರಡೇ ದಿನಕ್ಕೆ ಮತ್ತೆ ಸುಟ್ಟಿತು.

"ನೋಡವಾ, ನಿನಗ ಈ ಕೆಲಸ ಬರೂದಿಲ್ಲ ಅಂದ್ರ ಬರೂದಿಲ್ಲ ಅಂತ ಹೇಳಿಬಿಡು," ಎಂದರು ಮನೋರಮಾಬಾಯಿ, ಓಣಿಗೆಲ್ಲ ಕೇಳುವಂತೆ.

"ಬಾಯಾರ, ಇಲ್ಲೆ ಓಡಿಸಿ ತೋರಿಸೇನ್ರಿ. ಮನ್ಯಾಗ ಏನ್ ಮಾಡಿದ್ರಿ?"

"ಮಿಕ್ಸಿ ತಗೊಂಡು ಏನ್ ಮಾಡ್ತಾರ? ಚಟ್ನಿ ರುಬ್ಬತಾರ."

ಪ್ರತಿ ಗುರುವಾರ ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಹೆಂಗಸರ ಭಜನೆ. ಅಲ್ಲಿಂದ ಮಾತು ಹಬ್ಬಿತು: ಜಯಶ್ರೀ ಕೈ ಹಚ್ಚಿದ್ದು ಸುಡುತ್ತದೆ. ಹದಿನೈದು ದಿನದಲ್ಲಿ ಆ ಕಡೆಯ ಮಿಕ್ಸಿಗಳೆಲ್ಲ ಅವಳ ಅಂಗಡಿ ದಾಟಿ ಪೇಟೆಯ ದ್ಯಾಮಪ್ಪನ ಹತ್ತಿರ ಹೋಗತೊಡಗಿದವು. ತಮಾಷೆ ಎಂದರೆ ದ್ಯಾಮಪ್ಪನಿಗೆ ತಂತಿ ಸುತ್ತಲು ಬರುವುದಿಲ್ಲ. ಮೊದಲಿನಿಂದಲೂ ಅವನು ಸುಟ್ಟ ಮೋಟಾರುಗಳನ್ನು ಚೀಲದಲ್ಲಿ ತುಂಬಿ, ಯಾರ ಮನೆಯದೆಂದು ಚೀಟಿ ಅಂಟಿಸಿ, ಹಿಂಬಾಗಿಲಿನಿಂದ ತಂದು ಜಯಶ್ರೀಯ ಕೈಯಲ್ಲೇ ಸುತ್ತಿಸುತ್ತಿದ್ದ. ಕೆಲಸಕ್ಕೆ ಬರವಿರಲಿಲ್ಲ. ಹೋದದ್ದು ಹೆಸರು.

"ಹದಿನಾಲ್ಕು ವರ್ಷ ಬೇಕಾತು ಅಣ್ಣ, ಮಂದಿ ನನ್ನ ಹೆಸರು ಹೇಳಿ ಈ ಅಂಗಡಿ ಕೇಳ್ಕೊಂತ ಬರಾಕ," ಎಂದಳು ಒಂದು ದಿನ. ಮುಂಬಾಗಿಲಿಗೆ ಯಾರೂ ಬಂದಿರಲಿಲ್ಲ.

ಹಬ್ಬದ ಹೊತ್ತಿಗೆ ಜಯಶ್ರೀ ದುಡ್ಡಿಲ್ಲದೆ ಮತ್ತೊಮ್ಮೆ ಸುತ್ತಿಕೊಟ್ಟಿದ್ದ ಆ ಮಿಕ್ಸಿ, ದೀಪಾವಳಿ ಮುಗಿದ ಮೇಲೆ ಸುಟ್ಟು ಮೂರನೆಯ ಸಲ ವಾಪಸು ಬಂತು. ಬಿಚ್ಚಿದವಳು ನನ್ನನ್ನು ಕರೆದಳು. ಒಳಗೆ, ಕಪ್ಪಾದ ತಂತಿಗೆ ಒಂದು ತುಳಸಿ ಎಲೆ ಅಂಟಿತ್ತು.

"ಖಲಂದರಣ್ಣ, ಮಿಕ್ಸಿಗೆ ಸ್ನಾನ ಮಾಡಿಸ್ಯಾರ."

ನನಗೆ ತಿಳಿಯಲಿಲ್ಲ.

"ನನ್ನ ಕೈ ಹತ್ತಿತ್ತಲ್ಲ. ಒಳಗ ಒಯ್ಯೂಕಿಂತ ಮೊದಲ ತುಳಸಿ ನೀರು ಸುರದು ಶುದ್ಧ ಮಾಡ್ಯಾರ. ಮೂರೂ ಸಲ."

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಎಲೆಯನ್ನು ಚಿಮಟದಿಂದ ಎತ್ತಿ ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಈಗಲೇ ಹೋಗಿ ಮುಖದ ಮೇಲೆ ಎಸೆದು ಬರೋಣ ಎಂದೆ.

"ಬ್ಯಾಡ. ಗುರುವಾರ ಹೋಗೂನು. ಎಲ್ಲಾರೂ ಕುಂತಿರ್ತಾರ."

ಮಿಕ್ಸಿಯನ್ನು ಮತ್ತೆ ಕಟ್ಟಿದಳು. ಅಷ್ಟು ನಿಧಾನವಾಗಿ, ಅಷ್ಟು ಅಂದವಾಗಿ ಕಟ್ಟಿದ್ದನ್ನು ನಾನು ನೋಡಿಯೇ ಇಲ್ಲ. ಗುರುವಾರ ಸಂಜೆ ನನ್ನ ಸ್ಕೂಟರಿನ ಹಿಂದೆ ಕೂತು ಹೊರಟಳು.

ಪಡಸಾಲೆಯ ಜಮಖಾನೆಯ ಮೇಲೆ ಹತ್ತು ಹನ್ನೆರಡು ಹೆಂಗಸರಿದ್ದರು. ಅಂಗಳದಲ್ಲಿ ತುಳಸಿಕಟ್ಟೆ, ಅದರ ಮೇಲೆ ನೀರು ತುಂಬಿದ ತಂಬಿಗೆ, ಆಚೆಗೆ ಬಾವಿ, ಬಾವಿಯ ಪಕ್ಕದಲ್ಲೇ ಪಂಪು. ಜಯಶ್ರೀ ಮಿಕ್ಸಿಯನ್ನು ಪಡಸಾಲೆಯ ಅಂಚಿನಲ್ಲಿಟ್ಟು, ಮನೋರಮಾಬಾಯಿಯ ಮಗಳು ವಿಭಾಳಿಗೆ ಪ್ಲಗ್ ಹಾಕಲು ಹೇಳಿದಳು. ಮಿಕ್ಸಿ ಗರಗರ ತಿರುಗಿತು. ಎಲ್ಲರೂ ನೋಡಿದ ಮೇಲೆ ಪ್ಲಗ್ ತೆಗೆಸಿದಳು.

"ಇನ್ನ ನೀವು ಪ್ರತಿ ಸಲ ಮಾಡೂದು ಮಾಡ್ರಿ, ಬಾಯಾರ. ನನ್ನ ಕೈ ಹತ್ತೇತಿ. ತೊಳೀರಿ." ಕವರಿನೊಳಗಿನ ಎಲೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. "ಇದು ಮೋಟಾರಿನ ಒಳಗ ಸಿಕ್ಕೇತಿ."

ವಿಭಾ ತಾಯಿಯ ಕಡೆ ತಿರುಗಿದಳು. "ಅವ್ವಾ, ಮಿಕ್ಸಿ ಮ್ಯಾಲೆ ನೀರು ಹಾಕಿದ್ಯಾ?"

"ಹೊರಗಿಂದ ಬಂದ ಪಾತ್ರಿ ತೊಳದ ಒಳಗ ತಗೋತೇವಿ. ನಮ್ಮ ಮನಿ ಪದ್ಧತಿ ಅದ."

"ಪಾತ್ರಿ ತೊಳಕೋರಿ, ಯಾರ್ ಬ್ಯಾಡಂದ್ರು? ಸುಟ್ಟಿದ್ದು ನಿಮ್ಮ ನೀರಿಂದ, ಕೆಟ್ಟಿದ್ದು ನನ್ನ ಹೆಸರು."

ಭಜನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿಗೆ ಮನೋರಮಾಬಾಯಿ ತಪ್ಪಾಯಿತೆಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಅಂಗಳಕ್ಕಿಳಿದು ತಂಬಿಗೆ ಎತ್ತಿಕೊಂಡರು. "ಮಿಕ್ಸಿ ನಂದು. ಸುಟ್ಟರ ಸುಡಲಿ. ತೊಳದ ಒಳಗ ಒಯ್ತೇನಿ."

ಜಯಶ್ರೀ ತಡೆಯಲಿಲ್ಲ. "ಆ ನೀರು ಎಲ್ಲೀದ್ರಿ?" ಎಂದು ಕೇಳಿದಳು.

"ನಮ್ಮ ಬಾವೀದು. ಮಡಿ ನೀರು."

"ಬ್ಯಾಸಿಗ್ಯಾಗ ನಿಮ್ಮ ಬಾವಿ ಮೋಟಾರ್ ಸುಟ್ಟಿತ್ತು. ದ್ಯಾಮಪ್ಪ ಬಿಚ್ಚಿ ಒಯ್ದಿದ್ದ, ಹೌದಲ್ರಿ?" ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ವಿಭಾಳ ಮುಂದೆ ಹಿಡಿದಳು. "ತಂಗಿ, ಮೇನ್ ಸ್ವಿಚ್ ಆರಿಸಿ ಆ ಮೋಟಾರಿನ ಹಿಂದಿನ ಮುಚ್ಚಳ ತಗೀ. ಒಳಗ ದಾರ ಯಾವ ಬಣ್ಣದ್ದೈತಿ ಹೇಳು."

ವಿಭಾ ಕೈಚಾಚಿ ಸ್ಕ್ರೂಡ್ರೈವರ್ ತೆಗೆದುಕೊಂಡಳು. ನಾಲ್ಕು ತಿರುಪು ಬಿಚ್ಚಿ ಬಗ್ಗಿ ನೋಡಿದಳು.

"ನೀಲಿ ಅದ."

ಜಯಶ್ರೀ ಮಿಕ್ಸಿಯನ್ನು ತಿರುವಿ ತಳದ ಮುಚ್ಚಳ ತೆಗೆದಳು. ಅಲ್ಲಿಯೂ ಅದೇ ದಾರ.

"ನಾನ ಸುತ್ತಿದ್ದು. ಬ್ಯಾಸಿಗಿಯಿಂದ ನೀವು ಮಡಿಯಿಂದ ಹಿಡದ ನೀರೆಲ್ಲಾ ನನ್ನ ಕೈಲೆ ಸುತ್ತಿದ ತಂತಿ ಎತ್ತಿಕೊಟ್ಟಿದ್ದು. ದೇವರಿಗೂ ಅದ ನೀರು, ಅಡಗಿಗೂ ಅದ ನೀರು. ಮಿಕ್ಸಿ ಈ ನೀರಿಲೆ ತೊಳೀತೀರಿ. ಈ ನೀರು ಯಾವ ನೀರಿಲೆ ತೊಳೀತೀರ್ರಿ?"

ತಂಬಿಗೆ ಅವರ ಕೈಯಲ್ಲೇ ಇತ್ತು. ಸುರಿಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ. ಹಿಂದೆ ಕುಳಿತಿದ್ದ ಒಬ್ಬರು ಮೆಲ್ಲಗೆ, "ನಮ್ಮ ಗ್ರೈಂಡರ್ ಸುದ್ದಾ ದ್ಯಾಮಪ್ಪನ ಕಡೇನ ಮಾಡಿಸೇವಿ," ಎಂದರು.

"ಅದೂ ನಂದರಿ," ಎಂದಳು ಜಯಶ್ರೀ.

ಪಾಪ ಅನಿಸಲಿಲ್ಲವೇ ಎಂದು ಆಮೇಲೆ ನನ್ನ ಹೆಂಡತಿ ಉಮೈಮಾ ಕೇಳಿದಳು. ಅನಿಸಲಿಲ್ಲ. ಖುಷಿಯಾಯಿತು, ಹೊಟ್ಟೆ ತುಂಬ ಖುಷಿಯಾಯಿತು.

ಮರುದಿನ ಜಯಶ್ರೀ ಒಂದು ಬೋರ್ಡು ಮಾಡಿಸಿಕೊಂಡಳು. ನಾನೇ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಲ್ಯಾಮಿನೇಷನ್ ಮಾಡಿಕೊಟ್ಟೆ: 'ಸಾಮಾನು ಕೈಗೆ ಕೊಡಬೇಕು. ಮೆಟ್ಟಿಲ ಮೇಲೆ ಇಟ್ಟಿದ್ದನ್ನು ಎತ್ತುವುದಿಲ್ಲ.' ಇನ್ನು ಮೇಲೆ ಆ ಭಜನೆಯವರ ಮನೆಯ ಸಾಮಾನು ಚೀಲದಲ್ಲಿ ತರಬೇಡ, ಅವರೇ ಬರಲಿ ಎಂದು ದ್ಯಾಮಪ್ಪನಿಗೂ ಹೇಳಿದಳು. ಒಬ್ಬೊಬ್ಬರಾಗಿ ಬಂದರು. ಬೋರ್ಡು ಓದಿದರು, ಕೈಗೇ ಕೊಟ್ಟರು.

ಸಂಕ್ರಾಂತಿಯ ಹಿಂದಿನ ವಾರ, ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಮನೋರಮಾಬಾಯಿ ಸಣ್ಣ ಗೀಸರ್ ಹಿಡಿದುಕೊಂಡು ಬಂದರು. ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. ಜಯಶ್ರೀ ತಲೆ ಎತ್ತದೆ ತಂತಿ ಸುತ್ತುತ್ತಲೇ ಇದ್ದಳು. ಹಾವೇರಿ ಬಸ್ಸು ಹೋಯಿತು. ಹುಬ್ಬಳ್ಳಿ ಬಸ್ಸೂ ಹೋಯಿತು. ಕೊನೆಗೆ ಅವರು ಗೀಸರನ್ನು ಎತ್ತಿ ಮುಂದೆ ಚಾಚಿದರು. ಜಯಶ್ರೀ ಎದ್ದು, ಎರಡೂ ಕೈಯಿಂದ, ಅವರ ಬೆರಳು ಸಮೇತ ಹಿಡಿದುಕೊಂಡಳು. ಬೇಗ ಬಿಡಲಿಲ್ಲ.

"ಯಾವಾಗ ಸಿಗತದ?"

"ಎಂಟು ದಿನ ಆಗತೈತ್ರಿ."

ಅದು ಅರ್ಧ ಗಂಟೆಯ ಕೆಲಸವೆಂದು ನನಗೂ ಗೊತ್ತಿತ್ತು. ಮನೋರಮಾಬಾಯಿ ನೆಟ್ಟಗೆ ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡಿರುತ್ತಾರೆ. ಹಾಕಿಕೊಳ್ಳಲಿ. ನೀರು ನೀಲಿ ದಾರದ ಮೋಟಾರಿನದು, ಗೀಸರ್ ಇಲ್ಲಿ ಜಯಶ್ರೀಯ ಮೇಜಿನ ಮೇಲಿತ್ತು.