ಯಾವ ದೋಣಿ?

ಹಾಯಿದೋಣಿಯೊಂದರಲ್ಲಿ ನಾನು ಆರು ವರ್ಷ ಅಡುಗೆಯವನಾಗಿದ್ದೆ. ದೂರದ ದ್ವೀಪಗಳಲ್ಲಿ ಲಂಗರು ಹಾಕಿದ ಸಂಜೆ, ಬೇರೆ ಬೇರೆ ದೋಣಿಗಳವರೆಲ್ಲ ದಡದ ಗರಿಯ ಚಪ್ಪರದಡಿ ಸೇರಿ ಅಡುಗೆ ಹಂಚಿಕೊಂಡು ಹರಟುತ್ತಿದ್ದೆವು. ಹೆಸರು ಯಾರಿಗೂ ಬೇಕಿರಲಿಲ್ಲ, 'ಯಾವ ದೋಣಿ?' ಅಷ್ಟೇ ಪ್ರಶ್ನೆ. ಗಾಳಿ ತಿರುಗಿದ ದಿನ ಎಲ್ಲರೂ ಎದ್ದು ಹೊರಡುತ್ತಿದ್ದೆವು.

ಮಾಲೀಕರು ದೋಣಿ ಮಾರಿದ ಮೇಲೆ ಭದ್ರಾವತಿಗೆ ಮರಳಿದೆ. ಇಲ್ಲಿ ಮುಚ್ಚಿದ ಕಾರ್ಖಾನೆಯೊಂದರ ಗೇಟಿನೆದುರಿನ ಟೀ ಅಂಗಡಿಗೆ ಹಳೆಯ ಕಾರ್ಮಿಕರು ಈಗಲೂ ಶಿಫ್ಟಿನ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಒಂದು ದಿನ ನಾನೂ ಹೋದೆ. ಬೆಂಚಿನಲ್ಲಿದ್ದ ಮುದುಕರೊಬ್ಬರು ಕೇಳಿದರು, "ಯಾವ ಡಿಪಾರ್ಟ್‌ಮೆಂಟು ನಿಂದು?"

"ಫ್ಯಾಕ್ಟರಿ ಅಲ್ಲ, ಹಾಯಿದೋಣಿಲಿ ಅಡುಗೆ ಮಾಡ್ತಿದ್ದೆ. ಅದನ್ನ ಮಾರಿಬಿಟ್ರು."

ಅವರು ಸರಿದು ಜಾಗ ಮಾಡಿದರು. "ಅದೂ ಹೋಯ್ತಾ ಮಾರಾಯ? ಬಾ, ಕೂತ್ಕೋ. ಇಲ್ಲಿಂದ ಯಾರೂ ಎಲ್ಲಿಗೂ ಹೋಗಲ್ಲ."